ರುಜು ಇಲ್ಲದ ಗೋಡೆಗಳು

ಹಾಸನ ಸೀಮೆಯ ಯಾವುದೇ ಹಳೆಯ ಹೈಸ್ಕೂಲಿನ ಗೇಟು ದಾಟಿ ಒಳಗೆ ಹೋಗಿ. ಮೊದಲು ಎದುರಾಗುವುದು ಡ್ರಾಯಿಂಗ್ ಮೇಷ್ಟ್ರ ಕೈ. ಶಾಲೆಯ ಹೆಸರಿನ ದಪ್ಪ ಅಕ್ಷರ ಅವರದು. ಹೆಡ್‌ಮಾಸ್ಟರ ಕೊಠಡಿಯ ಬಾಗಿಲ ಮೇಲೆ ಕಮಾನಿನಂತೆ ಬಗ್ಗಿ ನಿಂತ ಸುಭಾಷಿತ ಅವರದು. ಕಾರಿಡಾರಿನ ತುದಿಯಲ್ಲಿ ಮನುಷ್ಯನ ಜೀರ್ಣಾಂಗ, ಅದರ ಪಕ್ಕ ಕರ್ನಾಟಕದ ನದಿಗಳು, ಬಯಲು ವೇದಿಕೆಯ ಹಿಂಗೋಡೆಗೆ ವೀಣೆ ಹಿಡಿದ ಸರಸ್ವತಿ, ಬಿಸಿಯೂಟದ ಕೋಣೆಯ ಹೊರಗೆ ಕೈ ತೊಳೆಯುತ್ತಿರುವ ಹುಡುಗಿ. ಶಾಲಾ ವಾರ್ಷಿಕೋತ್ಸವದ ಬ್ಯಾನರಿನಿಂದ ಹಿಡಿದು ನಿವೃತ್ತರಾಗುವ ಗುಮಾಸ್ತರಿಗೆ ಕೊಡುವ ಬಿನ್ನವತ್ತಳೆಯ ಅಂಚಿನ ಬಳ್ಳಿಯವರೆಗೆ ಕಣ್ಣಿಗೆ ಬೀಳುವ ಬಣ್ಣವೆಲ್ಲ ಒಬ್ಬರ ಕುಂಚದಿಂದ ಬಂದಿರುತ್ತದೆ. ಮೂಲೆಯಲ್ಲಿ ಬಗ್ಗಿ ಹುಡುಕಿದರೂ ಬರೆದವರ ಹೆಸರು ಮಾತ್ರ ಸಿಗುವುದಿಲ್ಲ.

ಇದೇ ಜಿಲ್ಲೆಯಲ್ಲಿ ಒಂಬೈನೂರು ವರ್ಷಗಳ ಹಿಂದೆ ಕಲ್ಲು ಕೆತ್ತಿದವರು ತಮ್ಮ ಹೆಸರನ್ನು ಮೂರ್ತಿಯ ಪೀಠದ ಮೇಲೆಯೇ ಕಂಡರಿಸಿದರು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ತಾವು ಕೆತ್ತಿದ ಮದನಿಕೆಯರ ಕೆಳಗೆ ಹೆಸರನ್ನೂ ಬಿರುದನ್ನೂ ಬರೆದುಕೊಂಡರು. ಎದುರಾಳಿ ಶಿಲ್ಪಿಗಳನ್ನು ಕೆಣಕುವಂಥ ಬಿರುದುಗಳು ಅವು. ಅರಸನ ಹೆಸರು ಶಾಸನದಲ್ಲಿ ಉಳಿಯಿತು, ಕೆಲಸಗಾರನ ಹೆಸರು ಕೆಲಸದ ಮೇಲೆಯೇ ಉಳಿಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಪತ್ರಿಕೆಗಳಲ್ಲಿ ದಾಸೋಜನ ಹೆಸರು ಮತ್ತೆ ಅಚ್ಚಾಯಿತು. ಅಂಥ ನೆಲದಲ್ಲಿ ಸಾವಿರಾರು ಮಕ್ಕಳ ಕೈಗೆ ಗೆರೆ ಕಲಿಸಿದವರು ಹೆಸರಿಲ್ಲದೆ ನಿವೃತ್ತರಾಗುವುದು ನನಗೆ ಬಹಳ ಕಾಲದಿಂದ ಒಪ್ಪಿಗೆಯಾಗದ ಸಂಗತಿ. ಹಾಗಾಗಿ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಜೊತೆ, ಅವರು ಕೆಲಸ ಮಾಡಿದ ಊರುಗಳನ್ನು ಸುತ್ತಿ ಬರಲು ಹೊರಟೆ. ‘ನನ್ನ ಹೆಸರು ಬರೆಯಬಾರದು’ ಎಂಬುದು ಅವರು ಹಾಕಿದ ಒಂದೇ ಷರತ್ತು. ಆ ಷರತ್ತಿನ ಮೇಲೆ ದಾರಿಯುದ್ದಕ್ಕೂ ನಮ್ಮಿಬ್ಬರಿಗೆ ವಾದ ನಡೆಯಿತು.

ಹಾಸನದಿಂದ ದಕ್ಷಿಣಕ್ಕೆ, ಹೊಳೆನರಸೀಪುರದ ಕಡೆಗೆ ಹೊರಟವರು ಮೊದಲು ಇಳಿದದ್ದು ಮೊಸಳೆಯಲ್ಲಿ. ಹೊಲಗಳ ನಡುವಿನ ಈ ಸಣ್ಣ ಊರಿನಲ್ಲಿ ನಾಗೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ಗುಡಿಗಳು ಪಕ್ಕಪಕ್ಕದಲ್ಲಿ ನಿಂತಿವೆ. ಅಳತೆ, ಆಕಾರ, ಗೋಪುರ ಎಲ್ಲ ಹೆಚ್ಚುಕಡಿಮೆ ಒಂದೇ. ಬೇಲೂರಿಗೆ ಬರುವ ಬಸ್ಸುಗಳು ಇತ್ತ ತಿರುಗುವುದಿಲ್ಲವಾದ್ದರಿಂದ ಇಲ್ಲಿ ಕೂತು ನೋಡಲು ಜಾಗವಿದೆ, ಹೊತ್ತೂ ಇದೆ. ಮೇಷ್ಟ್ರು ತಮ್ಮ ಮೊದಲ ಕೆಲಸದ ದಿನಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನು ರೈಲಿನಲ್ಲಿ ಇಲ್ಲಿಗೆ ಕರೆತರುತ್ತಿದ್ದರಂತೆ. ಮೈಸೂರು–ಅರಸೀಕೆರೆ ಮಾರ್ಗದಲ್ಲಿ ಮೊಸಳೆ ಹೊಸಹಳ್ಳಿಯೂ ಒಂದು ನಿಲ್ದಾಣ, ಹೊಳೆನರಸೀಪುರವೂ ಒಂದು ನಿಲ್ದಾಣ.

‘ಮಕ್ಕಳಿಗೆ ಗುಡಿ ಬರೀರಿ ಅಂತ ನಾನು ಯಾವತ್ತೂ ಹೇಳಲಿಲ್ಲ’ ಅಂದರು. ‘ಎರಡೂ ಗುಡಿ ನೋಡಿ, ಯಾವುದು ಬೇರೆ ಇದೆ ಅದನ್ನ ಮಾತ್ರ ಬರೀರಿ ಅಂತಿದ್ದೆ. ಮೊದಲು ಎಲ್ಲ ಒಂದೇ ಥರ ಇದೆ ಸಾರ್ ಅಂತ ಗಲಾಟೆ. ಒಂದು ಗಂಟೆ ಆದ್ಮೇಲೆ ಒಬ್ಬ ಬಂದು, ಇಲ್ಲಿ ಶಿವನ ಕಡೆಯೋರು ಜಾಸ್ತಿ ಇದಾರೆ ಸಾರ್, ಅಲ್ಲಿ ವಿಷ್ಣು ಕಡೆಯೋರು ಜಾಸ್ತಿ ಅಂತಾನೆ. ಇನ್ನೊಬ್ಬಳು ಕಿವಿ ಓಲೆ ಬರ್ಕೊಂಡು ಬರ್ತಾಳೆ. ಕಣ್ಣು ತೆರೆಯೋಕೆ ಅಷ್ಟು ಹೊತ್ತು ಬೇಕು. ಒಂದು ಪೀರಿಯಡ್ಡು ನಲವತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಹಾಜರಿ, ಪೆನ್ಸಿಲ್ ಹುಡುಕೋದು. ನೋಡೋಕೆ ಎಲ್ಲಿದೆ ಟೈಮು?’

ಆ ಮಾತಿನಲ್ಲಿ ಒಂದು ಪಾಠಕ್ರಮವೇ ಇತ್ತು. ನಮ್ಮ ಶಾಲೆಗಳಲ್ಲಿ ಚಿತ್ರಕಲೆಯೆಂದರೆ ಬೋರ್ಡಿನ ಮೇಲಿನ ಬೆಟ್ಟ, ನಡುವೆ ಸೂರ್ಯ, ಕೆಳಗೆ ಹರಿಯುವ ನದಿ, ಅದರ ದಡಕ್ಕೊಂದು ತೆಂಗಿನ ಮರ ನಕಲು ಮಾಡುವುದು ಎಂದು ಬೆಳೆದ ನನಗೆ ಅದು ಹೊಸದು. ಈ ಸೀಮೆಯ ಮಕ್ಕಳು ನಿಜವಾಗಿ ನೋಡುವ ಬೆಟ್ಟಗಳ ನಡುವೆ ಸೂರ್ಯ ಹಾಗೆ ಹುಟ್ಟುವುದೇ ಇಲ್ಲ.

ಮೇಷ್ಟ್ರ ಹುಟ್ಟೂರು ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದ ಸುತ್ತಿನ ಒಂದು ಹಳ್ಳಿ. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಕಲಾವಿದರ ಬಾಲ್ಯವೆಂದರೆ ಗೋಡೆ ಮೇಲೆ ಇದ್ದಿಲಿನಿಂದ ಗಣಪತಿ ಬರೆದ ಕಥೆ ಕೇಳಬೇಕಾಗುತ್ತದೆ ಎಂದುಕೊಂಡಿದ್ದೆ. ಇವರು ಹೇಳಿದ್ದು ಸೊಪ್ಪು ವಿಂಗಡಿಸುವುದರ ಬಗ್ಗೆ. ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಹದವಾಗಿ ಬೆಂದು ಬಂದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡಬೇಕು. ನಿಂಬೆಹಳದಿ ಒಂದು ಕಡೆ, ಕಿತ್ತಳೆ ಬೆರೆತದ್ದು ಒಂದು ಕಡೆ, ಕಂದಿದ್ದು, ಹಸಿರು ಉಳಿದದ್ದು, ಚುಕ್ಕೆ ಬಿದ್ದದ್ದು ಬೇರೆ ಬೇರೆ. ಬೆಲೆ ನಿಲ್ಲುವುದು ಆ ವಿಂಗಡಣೆಯ ಮೇಲೆ. ಮನೆಯ ಹೆಂಗಸರು, ಮಕ್ಕಳು ಕೂತು ರಾಶಿಗಟ್ಟಲೆ ಸೊಪ್ಪನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ‘ನನ್ನ ದೊಡ್ಡಮ್ಮನಿಗೆ ಓದು ಬರ್ತಿರಲಿಲ್ಲ. ಹಳದೀಲಿ ಏಳೆಂಟು ಥರ ಹೇಳೋರು. ಆಮೇಲೆ ಮೈಸೂರಲ್ಲಿ ನಮ್ಮ ಗುರುಗಳು ಬಣ್ಣದ ಏರಿಳಿತ ಅಂತ ಪಾಠ ಶುರು ಮಾಡಿದಾಗ ನನಗೆ ಹೊಸದು ಅನಿಸಲೇ ಇಲ್ಲ.’

ಅವರ ಬದುಕಿನ ದಾರಿ ಈ ಜಿಲ್ಲೆಯ ಬಹಳಷ್ಟು ಡ್ರಾಯಿಂಗ್ ಮೇಷ್ಟ್ರುಗಳದ್ದೇ. ಹೈಸ್ಕೂಲಿನಲ್ಲಿರುವಾಗ ಡ್ರಾಯಿಂಗ್ ಲೋಯರ್ ಪರೀಕ್ಷೆ, ಆಮೇಲೆ ಹೈಯರ್. ಹೂಜಿ, ಲೋಟ, ಪುಸ್ತಕ ಜೋಡಿಸಿಟ್ಟು ಬರೆಸುವ ವಸ್ತುಚಿತ್ರ, ಎಲೆ ಹೂವುಗಳ ನಿಸರ್ಗಚಿತ್ರ, ವಿನ್ಯಾಸ, ಜ್ಯಾಮಿತಿ. ಎರಡೂ ಪಾಸಾದರೆ ಆರ್ಟ್ ಮಾಸ್ಟರ್ ತರಬೇತಿ. ಹಳೆಯ ಮೈಸೂರು ಸೀಮೆಯ ಹುಡುಗರಿಗೆ ಆ ಕಾಲದಲ್ಲಿ ದಾರಿಗಳು ಕಡಿಮೆ. ಬೆಂಗಳೂರಿಗೆ ಹೋದರೆ ಅ.ನ. ಸುಬ್ಬರಾಯರು 1919ರಲ್ಲಿ ಕಟ್ಟಿದ ಕಲಾಮಂದಿರ ಅಥವಾ ಆರ್.ಎಂ. ಹಡಪದ್ ಮೇಷ್ಟ್ರ ಕೆನ್ ಕಲಾಶಾಲೆ. ಮೈಸೂರಿಗೆ ಹೋದರೆ 1913ರಲ್ಲಿ ಶುರುವಾದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ. ಮರಗೆಲಸ, ಲೋಹದ ಕೆಲಸ, ಕೆತ್ತನೆ, ಚಿತ್ರ ಎಲ್ಲವನ್ನೂ ಒಂದೇ ಸೂರಿನಡಿ ಕಲಿಸಿದ ಆ ಸಂಸ್ಥೆಯಲ್ಲಿ ಕೆ.ಕೆ. ಹೆಬ್ಬಾರರು ಮುಂಬಯಿಗೆ ಹೋಗುವ ಮೊದಲು ಕಲಿತಿದ್ದರು. ಮೇಷ್ಟ್ರು ಮೈಸೂರಿನ ದಾರಿ ಹಿಡಿದರು. ಹಾಸ್ಟೆಲಿನ ಊಟ, ರಜೆಯಲ್ಲಿ ಅಂಗಡಿಗಳ ಬೋರ್ಡು ಬರೆಯುವ ಕೆಲಸ. ಬೋರ್ಡು ಬರೆದ ಕೈಗೆ ಅಕ್ಷರದ ಹಿಡಿತ ಬಂತು. ಇವತ್ತಿಗೂ ಅವರು ‘ಕ್ಷ’ ಬರೆಯುವುದನ್ನು ನೋಡಬೇಕು. ಕುಂಚ ಎತ್ತದೆ ಒಂದೇ ಎಳೆತ.

ಹೊಳೆನರಸೀಪುರ ಅವರ ಮೊದಲ ಪೋಸ್ಟಿಂಗು. ಹೇಮಾವತಿಯ ದಡದ ಈ ಊರಿಗೆ ಲಕ್ಷ್ಮೀನರಸಿಂಹನ ಗುಡಿ, ಸಚ್ಚಿದಾನಂದೇಂದ್ರ ಸರಸ್ವತಿಗಳ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ, ಮಾಜಿ ಪ್ರಧಾನಿ ದೇವೇಗೌಡರ ಹುಟ್ಟೂರು ಹರದನಹಳ್ಳಿ ಇರುವ ತಾಲ್ಲೂಕೆಂಬ ಗುರುತು, ಹೀಗೆ ಹೇಳಿಕೊಳ್ಳಲು ಬಹಳ ಇದೆ. ಮೇಷ್ಟ್ರಿಗೆ ಈ ಊರೆಂದರೆ ನಾಟಕದ ಪರದೆ. ಈ ಸೀಮೆಯಲ್ಲಿ ಸುಗ್ಗಿ ಮುಗಿದರೆ ಊರೂರಿಗೆ ‘ಕುರುಕ್ಷೇತ್ರ’ ನಾಟಕ. ರೈತ, ಕಂಡಕ್ಟರು, ಮೇಷ್ಟ್ರು, ಸೊಸೈಟಿ ಸೆಕ್ರೆಟರಿ ಎಲ್ಲರೂ ದುರ್ಯೋಧನ ಭೀಮರಾಗಿ ರಾತ್ರಿಯಿಡೀ ಹಾಡುತ್ತಾರೆ. ಅದಕ್ಕೆ ಅರಮನೆಯ ದರ್ಬಾರು, ಕಾಡು, ಬೀದಿ, ಯುದ್ಧಭೂಮಿಯ ಸೀನರಿಗಳು ಬೇಕು. ಬಾಡಿಗೆ ಸೀನರಿಗೆ ದುಡ್ಡು ಸಾಲದ ಊರಿನವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರನ್ನು ಹುಡುಕಿಕೊಂಡು ಬರುತ್ತಿದ್ದರು.

ಶಾಲೆಯ ಹಿಂದಿನ ಒಂದು ಶೆಡ್ಡಿನ ಮುಂದೆ ನಿಲ್ಲಿಸಿ ಆ ಕೆಲಸವನ್ನು ಅವರು ವಿವರಿಸಿದರು. ಬಟ್ಟೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಕಡೆ ಮೊಳೆ ಹೊಡೆಯುವುದು. ಸುಣ್ಣಕ್ಕೆ ಮರವಜ್ರ ಕಾಯಿಸಿ ಸೇರಿಸಿ ಮೊದಲ ಕೋಟು. ಒಣಗಿದ ಮೇಲೆ ದಾರಕ್ಕೆ ಇದ್ದಿಲು ಪುಡಿ ಸವರಿ, ಇಬ್ಬರು ಎರಡು ತುದಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ನೇರ ಗೆರೆ ಬೀಳುತ್ತದೆ. ಹಾಗೆ ಒಂದು ಬಿಂದುವಿನಿಂದ ಗೆರೆಗಳನ್ನು ಬಿಡುತ್ತಾ ಹೋದರೆ ದರ್ಬಾರಿನ ಕಂಬಸಾಲು ಒಳಕ್ಕೆ ಸರಿಯುತ್ತದೆ. ಅವರು ಶಾಲೆಯ ಹುಡುಗರನ್ನೇ ದಾರ ಹಿಡಿಯಲು ನಿಲ್ಲಿಸುತ್ತಿದ್ದರು. ಹತ್ತನೇ ತರಗತಿಯ ಜ್ಯಾಮಿತಿ ಅರ್ಥವಾಗದವನಿಗೂ, ಹಿಂದಿನ ಕಂಬ ಏಕೆ ಚಿಕ್ಕದಾಗಬೇಕು ಎಂಬುದು ದಾರ ಹಿಡಿದ ಕೈಯಲ್ಲೇ ಅರ್ಥವಾಗುತ್ತಿತ್ತು. ನಾಟಕ ನಡೆದ ರಾತ್ರಿ ಆ ಹುಡುಗ ತನ್ನ ಮನೆಯವರಿಗೆ ‘ಆ ಕಂಬ ನಾನು ಹೊಡೆದದ್ದು’ ಎಂದು ತೋರಿಸುತ್ತಿದ್ದ. ಪರದೆಗಳು ಮಳೆ, ಇಲಿ, ಸಾಗಾಟಕ್ಕೆ ಸಿಕ್ಕಿ ಹಾಳಾದವು. ಅವುಗಳ ಫೋಟೊ ಕೂಡ ಯಾರ ಬಳಿಯೂ ಇಲ್ಲ. ಕಲೆಯ ಇತಿಹಾಸ ಬರೆಯುವವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಇಂಥ ಸಾವಿರಾರು ಚದರಡಿ ಚಿತ್ರ ಲೆಕ್ಕದಿಂದ ಹೊರಗೆ ಬೀಳುತ್ತದೆ. ಹಾಗೆ ಬೀಳಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಏಕೆಂದರೆ ಒಂದು ರಾತ್ರಿಗೆ ಎರಡು ಮೂರು ಹಳ್ಳಿಗಳ ಜನ ಒಟ್ಟಿಗೆ ಕೂತು ನೋಡಿದ ಚಿತ್ರ ಅದು.

ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಕಾಫಿ ಕುಡಿಯುವಾಗ ನಡುವಯಸ್ಸಿನವರೊಬ್ಬರು ಬಂದು ಮೇಷ್ಟ್ರ ಕಾಲು ಮುಟ್ಟಿದರು. ಕಬ್ಬಿಣದ ಗೇಟು ಕಿಟಕಿ ಮಾಡುವ ವರ್ಕ್‌ಶಾಪ್ ಇಟ್ಟುಕೊಂಡಿದ್ದಾರೆ. ‘ಸಾರ್, ಈಗ್ಲೂ ಡಿಸೈನ್ ನಾನೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾಕೋದು. ಕಂಪ್ಯೂಟರ್ ಡಿಸೈನ್ ತಂದ್ರೂ ನಾನು ಒಂದ್ಸಲ ಕೈಯಲ್ಲಿ ಹಾಕ್ಲೇಬೇಕು’ ಅಂದರು. ಮೇಷ್ಟ್ರು ಅವರ ವರ್ಕ್‌ಶಾಪಿಗೆ ಹೋಗಿ ಒಂದು ಗೇಟಿನ ಬಳ್ಳಿಯನ್ನು ಬಹಳ ಹೊತ್ತು ನೋಡಿ, ಎರಡು ಸುರುಳಿಗಳ ನಡುವಿನ ಖಾಲಿ ಜಾಗ ಒಂದೇ ಸಮ ಇಲ್ಲ ಎಂದರು. ಅವರು ‘ಹೌದು ಸಾರ್’ ಎಂದು ಒಪ್ಪಿಕೊಂಡರು. ಇಬ್ಬರ ಮುಖದಲ್ಲೂ ಸಂತೋಷವಿತ್ತು.

ಅರಕಲಗೂಡಿಗೆ ಹೋದ ದಿನ ಮೋಡ ಕವಿದಿತ್ತು. ಕನ್ನಡಿಗರಿಗೆ ಈ ಊರು ಅ.ನ.ಕೃ. ಅವರ ಹೆಸರಿನ ಮೊದಲಕ್ಷರವಾಗಿ ಗೊತ್ತು. ಅರಕಲಗೂಡು ನರಸಿಂಗರಾಯ ಕೃಷ್ಣರಾಯರು ಸಂಗೀತಗಾರನ ಬದುಕನ್ನು ‘ಸಂಧ್ಯಾರಾಗ’ವಾಗಿಯೂ ಚಿತ್ರಕಾರನ ಬದುಕನ್ನು ‘ಉದಯರಾಗ’ವಾಗಿಯೂ ಬರೆದರು. ಮೊದಲನೆಯದನ್ನು ಓದಿದವರು, ಸಿನಿಮಾ ನೋಡಿದವರು ಇಂದಿಗೂ ಸಿಗುತ್ತಾರೆ, ಎರಡನೆಯದನ್ನು ನೆನೆಯುವವರು ಕಡಿಮೆ. ಇದೇ ತಾರತಮ್ಯ ಇಲ್ಲಿನ ಭೂಪಟದಲ್ಲೂ ಇದೆ. ತಾಲ್ಲೂಕಿನ ಕಾವೇರಿ ದಡದಲ್ಲಿ ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್–ತಾರಾನಾಥನ್ ಅವರ ಊರು, ಆರ್.ಕೆ. ಪದ್ಮನಾಭ ಅವರ ಊರು. ತಂಬೂರಿಯ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ದೇವತೆಗಳ ಧ್ಯಾನಮಂದಿರ ಇಲ್ಲಿದೆ. ಒಂದು ಸಣ್ಣ ಹಳ್ಳಿ ತನ್ನ ಹಾಡುಗಾರರನ್ನು ಇಷ್ಟು ಪ್ರೀತಿಯಿಂದ ನೆನಪಿಟ್ಟುಕೊಂಡಿರುವುದು ಕಂಡು ಮನಸ್ಸು ತುಂಬಿತು. ಸಂಗೀತದವರು ಕಛೇರಿಗೆ ಕೂರುವ ಮೊದಲು ಗುರುವಿನ ಹೆಸರು ಹೇಳುತ್ತಾರೆ, ಗುರುವಿನ ಗುರುವನ್ನೂ ಹೇಳುತ್ತಾರೆ. ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ಅಂಥ ವಂಶಾವಳಿ ಇಲ್ಲ.

ಇದೆ ಎಂದರು ಮೇಷ್ಟ್ರು. ತಮಗೆ ಲೋಯರ್ ಪರೀಕ್ಷೆ ಕಟ್ಟಿಸಿದ ಗುರುಗಳ ಬಗ್ಗೆ ಕಾವೇರಿಯ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಪರೀಕ್ಷೆಯ ಶುಲ್ಕವನ್ನು ತಾವೇ ಕಟ್ಟಿ, ಅದನ್ನು ಯಾರಿಗೂ ಹೇಳದ ಮನುಷ್ಯ. ಬಿಳಿ ಜುಬ್ಬದ ಜೇಬಿನಲ್ಲಿ ಯಾವಾಗಲೂ ಚೂಪು ಮಾಡಿದ ಪೆನ್ಸಿಲ್ ತುಂಡುಗಳು. ಒಂದು ಪೆನ್ಸಿಲನ್ನು ಮೂರು ತುಂಡು ಮಾಡಿ ಮೂವರಿಗೆ ಕೊಡುತ್ತಿದ್ದರು. ಅವರ ಕೈಕೆಳಗೆ ಕಲಿತವರಲ್ಲಿ ಮೂವರು ಡ್ರಾಯಿಂಗ್ ಮೇಷ್ಟ್ರಾದರು, ಆ ಮೂವರ ಶಿಷ್ಯರಲ್ಲಿ ಕೆಲವರು ಈಗ ಚನ್ನರಾಯಪಟ್ಟಣ, ಹಾಸನದ ಶಾಲೆಗಳಲ್ಲಿದ್ದಾರೆ. ಹಾಗಾದರೆ ವಂಶಾವಳಿ ಇಲ್ಲವೆಂದಲ್ಲ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಅರಕಲಗೂಡಿನಿಂದ ಗೊರೂರಿನ ಮೇಲೆ ಹಾಸನಕ್ಕೆ ವಾಪಸಾಗುವ ದಾರಿಯಲ್ಲಿ ಅವರ ಸ್ವಂತ ಚಿತ್ರಗಳ ಮೂಲ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಈ ಊರಿನ ಹತ್ತಿರ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ನೀರು ನಿಂತಾಗ ಹಳ್ಳಿಗಳು ಮುಳುಗಿದವು. ಹಿನ್ನೀರಿನ ದಡದ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಪೂರ್ತಿ ಹೊರಬರುತ್ತದೆ. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ, ಮದುವೆಗೆ ಮೊದಲಿನ ಫೋಟೊ ತೆಗೆಸಿಕೊಳ್ಳುತ್ತಾರೆ. ಮುಳುಗಿದ ಹಳ್ಳಿಗಳಲ್ಲಿ ಒಂದು ಮೇಷ್ಟ್ರ ತಾಯಿಯ ತವರು.

ಆ ಊರು ಹೇಗಿತ್ತೆಂದು ಮಗ ಕೇಳಿದಾಗ ತಾಯಿ ಮಾತಿನಲ್ಲಿ ಹೇಳಲಿಲ್ಲವಂತೆ. ಒಳಮನೆಯ ನೆಲದ ಮೇಲೆ ರಂಗೋಲಿ ಹಿಟ್ಟು ಹಿಡಿದು ಬೀದಿ ಎಳೆದರು. ಇದು ಗುಡಿ, ಇದು ಅರಳಿಕಟ್ಟೆ, ಇದು ನಮ್ಮಪ್ಪನ ಮನೆ, ಇಲ್ಲಿ ಬಾವಿ, ಈ ಬಾವಿಯ ನೀರು ಉಪ್ಪು, ಆ ಕಡೆ ಬಾವಿಯದು ಸಿಹಿ. ಹುಡುಗ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ. ಮುಂದೆ ಮೇಷ್ಟ್ರಾದ ಮೇಲೆ ಬೇಸಿಗೆ ರಜೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಕೆಸರಿನಲ್ಲಿ ನಡೆದು, ತಾಯಿ ಎಳೆದ ಬೀದಿಗಳನ್ನು ಹುಡುಕಿ, ಕೂತು ಜಲವರ್ಣದಲ್ಲಿ ಬರೆದರು. ಬೇಸಿಗೆಯಿಂದ ಬೇಸಿಗೆಗೆ ಅದೇ ಜಾಗ. ಒಂದು ಚಿತ್ರದಲ್ಲಿ ಮನೆಯ ತಳಪಾಯದ ಕಲ್ಲುಗಳು ಮಾತ್ರ ಇವೆ, ಇನ್ನೊಂದರಲ್ಲಿ ಬೀಸುವ ಕಲ್ಲಿನ ಅರ್ಧ. ಒಣಗಿದ ಮರಗಳ ಬೊಡ್ಡೆ, ಬಿರುಕು ಬಿಟ್ಟ ಮಣ್ಣು, ಆ ಮಣ್ಣಿನಲ್ಲಿ ಚಿಗುರಿದ ತೆಳು ಹಸಿರು. ನೀಲಿಯನ್ನು ಎಲ್ಲಿಯೂ ಹೆಚ್ಚು ಬಳಸಿಲ್ಲ. ನೀರಿನ ಚಿತ್ರದಲ್ಲಿ ನೀಲಿ ಏಕಿಲ್ಲ ಎಂದು ಕೇಳಿದೆ. ‘ಹಿನ್ನೀರು ನೀಲಿ ಇರಲ್ಲ. ಹೊಗೆಸೊಪ್ಪಿನ ಬಣ್ಣ ಇರುತ್ತೆ’ ಅಂದರು. ದೊಡ್ಡಮ್ಮನಿಂದ ಕಲಿತ ಏಳೆಂಟು ಹಳದಿಗಳೂ ಅಲ್ಲಿದ್ದವು.

ಆ ಚಿತ್ರಗಳು ಹಾಸನದ ಅವರ ಮನೆಯ ಕಬ್ಬಿಣದ ಟ್ರಂಕಿನಲ್ಲಿವೆ. ಒಂದೊಂದಾಗಿ ಹೊರತೆಗೆದು ಹಾಸಿಗೆಯ ಮೇಲೆ ಹರಡಿದಾಗ ನನಗೆ ಮಾತು ಬರಲಿಲ್ಲ. ನಮ್ಮ ಜಲಾಶಯಗಳ ಬಗ್ಗೆ ಲೆಕ್ಕ, ವರದಿ, ಪರಿಹಾರದ ಕಡತ ಎಷ್ಟೋ ಇವೆ. ಒಬ್ಬ ಮಗ ತಾಯಿಯ ಬೆರಳಿನ ಗೆರೆ ಹಿಡಿದು ಮುಳುಗಿದ ಬೀದಿಯನ್ನು ಹುಡುಕಿದ ದಾಖಲೆ ಇದೊಂದೇ ಇರಬಹುದು. ಹಾಸನಾಂಬ ಕಲಾಕ್ಷೇತ್ರದಂಥ ಜಾಗದಲ್ಲಿ ಇವನ್ನು ತೂಗುಹಾಕಿದರೆ, ಆ ಹಳ್ಳಿಗಳಿಂದ ಎದ್ದು ಬಂದ ಮನೆತನದವರು ತಮ್ಮ ಬಾವಿಯನ್ನು ಗುರುತು ಹಿಡಿಯುತ್ತಾರೆ ಎಂದೆ. ‘ನೋಡೋಣ’ ಅಂದರು. ಇಲ್ಲವೆನ್ನಲಿಲ್ಲ ಎಂಬುದನ್ನು ನಾನು ಹಿಡಿದುಕೊಂಡಿದ್ದೇನೆ.

ಹಾಸನಕ್ಕೆ ಬಂದ ಮೇಲೆ ಒಂದು ಹಳೆಯ ನಂಟು ನೆನಪಾಯಿತು. ಕಾದಂಬರಿಕಾರ ಆರ್.ಕೆ. ನಾರಾಯಣ್, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರಿಗೆ ವರ್ಗವಾಗುವ ಮೊದಲು ಹಾಸನದಲ್ಲಿ ಹೆಡ್‌ಮಾಸ್ಟರಾಗಿದ್ದವರು. ಲಕ್ಷ್ಮಣ್ ತಮ್ಮ ಬಾಲ್ಯದ ಒಂದು ಘಟನೆಯನ್ನು ಮತ್ತೆ ಮತ್ತೆ ನೆನೆದಿದ್ದಾರೆ. ಶಾಲೆಯಲ್ಲಿ ಮೇಷ್ಟ್ರೊಬ್ಬರು ಮಕ್ಕಳಿಗೆ ಎಲೆ ಬರೆಯಲು ಹೇಳಿದರು, ಪುಟ್ಟ ಲಕ್ಷ್ಮಣ್ ಅರಳಿ ಎಲೆ ಬರೆದರು, ಮೇಷ್ಟ್ರು ಮೆಚ್ಚಿ ನೀನು ಕಲಾವಿದನಾಗುತ್ತೀಯ ಎಂದರು. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ. ಎಲೆ ಮೆಚ್ಚಿದ ಮೇಷ್ಟ್ರ ಮಾತೇ ಅವರ ಜೊತೆ ಕೊನೆಯವರೆಗೂ ಉಳಿಯಿತು. ಆ ಮೇಷ್ಟ್ರ ಹೆಸರೇನೆಂದು ಕೇಳಿದರೆ ಹೇಳುವವರು ಯಾರು?

ಈಗ ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಗೆ ಸೇರುವ 625 ಅಂಕಗಳಲ್ಲಿ ಚಿತ್ರಕಲೆಗೆ ಪ್ರಶ್ನೆಪತ್ರಿಕೆ ಇಲ್ಲ. ಫಲಿತಾಂಶದ ಒತ್ತಡದಲ್ಲಿ ಡ್ರಾಯಿಂಗ್ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಎಷ್ಟೋ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ಪ್ರತಿಭಾ ಕಾರಂಜಿಯ ದಿನ ಮಾತ್ರ ಚಿತ್ರ ಬರೆಯುವ, ಜೇಡಿಮಣ್ಣಿನಲ್ಲಿ ಮೂರ್ತಿ ಮಾಡುವ ಮಕ್ಕಳಿಗೆ ಎಲ್ಲಿಲ್ಲದ ಹುಡುಕಾಟ. ಇದು ದೊಡ್ಡ ನಷ್ಟ. ಗೇಟು ಮಾಡುವವನಿಗೆ, ರೇಷ್ಮೆ ಸೀರೆಯ ಅಂಚು ಆರಿಸುವವಳಿಗೆ, ಮನೆ ಕಟ್ಟುವ ಮೇಸ್ತ್ರಿಗೆ, ಎಕ್ಸ್‌ರೇ ಓದುವ ಡಾಕ್ಟರಿಗೆ ಬೇಕಾದ ಕಣ್ಣು ತಯಾರಾಗುವುದು ಆ ನಲವತ್ತು ನಿಮಿಷದಲ್ಲಿ.

ಚನ್ನರಾಯಪಟ್ಟಣ ನಮ್ಮ ಮೇಷ್ಟ್ರು ಕೊನೆಗೆ ಕೆಲಸ ಮಾಡಿದ ತಾಲ್ಲೂಕು, ಹೆಚ್ಚು ಪ್ರೀತಿಸಿದ್ದೂ ಇದನ್ನೇ. ತೆಂಗಿನ ತೋಟಗಳ ನಡುವೆ ತಿಪಟೂರಿನ ರಸ್ತೆ ಹಿಡಿದರೆ ನುಗ್ಗೇಹಳ್ಳಿ. ಎಸ್.ಎಲ್. ಭೈರಪ್ಪನವರ ಸಂತೇಶಿವರವೂ ಇದೇ ತಾಲ್ಲೂಕು. ಸತ್ಯ ಮತ್ತು ಸೌಂದರ್ಯದ ಮೇಲೆ ಪಿಎಚ್‌.ಡಿ. ಮಾಡಿದ ಭೈರಪ್ಪನವರು ಇಂಥ ಸೀಮೆಯಿಂದ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ ಎನ್ನಿಸುತ್ತದೆ.

ಶ್ರವಣಬೆಳಗೊಳ ಇಲ್ಲಿಂದ ಹತ್ತಿರ. ವಿಂಧ್ಯಗಿರಿಯ ಮೇಲೆ 58 ಅಡಿಯ ಗೊಮ್ಮಟನ ಪಾದದ ಪಕ್ಕ ಮಾಡಿಸಿದ ಚಾವುಂಡರಾಯನ ಹೆಸರಿದೆ, ಉಳಿ ಹಿಡಿದವನ ಹೆಸರಿಲ್ಲ. ಮೇಷ್ಟ್ರು ಬೆಟ್ಟ ಹತ್ತಲು ಅವಸರ ಮಾಡಲಿಲ್ಲ. ಕೆಳಗೆ ಜೈನ ಮಠದ ಗೋಡೆಚಿತ್ರಗಳ ಮುಂದೆ ನಿಲ್ಲಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಅಲ್ಲಿದೆ, ತೀರ್ಥಂಕರರ ಬದುಕಿನ ಕಥೆಗಳಿವೆ. ಅವರಿಗೆ ಬೇಕಾಗಿದ್ದದ್ದು ಒಂದು ಮರದ ಚಿತ್ರ. ಹಣ್ಣಿಗಾಗಿ ಬಂದ ಆರು ಜನ. ಒಬ್ಬ ಮರವನ್ನು ಬುಡದಿಂದಲೇ ಉರುಳಿಸಲು ಹೊರಟಿದ್ದಾನೆ, ಇನ್ನೊಬ್ಬನಿಗೆ ದೊಡ್ಡ ಕೊಂಬೆ ಬೇಕು, ಮತ್ತೊಬ್ಬನಿಗೆ ರೆಂಬೆ, ಒಬ್ಬನಿಗೆ ಗೊಂಚಲು, ಒಬ್ಬನಿಗೆ ಹಣ್ಣು ಮಾತ್ರ, ಕೊನೆಯವನು ನೆಲಕ್ಕೆ ಬಿದ್ದದ್ದನ್ನು ಆರಿಸಿಕೊಳ್ಳುತ್ತಾನೆ. ಜೈನರ ಆರು ಲೇಶ್ಯೆಗಳು ಇವು. ಜೀವಕ್ಕೆ ಹತ್ತುವ ಬಣ್ಣಗಳು: ಕಪ್ಪು, ನೀಲಿ, ಪಾರಿವಾಳದ ಬೂದು, ಆಮೇಲೆ ತೇಜ, ಪದ್ಮ, ಕೊನೆಗೆ ಬಿಳಿ.

‘ಮಕ್ಕಳಿಗೆ ಇದನ್ನ ಧರ್ಮ ಅಂತ ಹೇಳಲಿಲ್ಲ ನಾನು. ಬಣ್ಣದ ಪಾಠ ಅಂತ ಹೇಳಿದೆ. ಮನುಷ್ಯನ ಸ್ವಭಾವಕ್ಕೆ ಬಣ್ಣ ಕೊಟ್ಟು ನೋಡಿದೋರು ನಮ್ಮಲ್ಲೇ ಇದ್ರಲ್ಲ! ಬೇರೆ ಎಲ್ಲೂ ಹುಡುಕೋದು ಬೇಡ. ಮನೇಲಿ ಯಾರ ಸಿಟ್ಟು ಯಾವ ಬಣ್ಣ ಬರೀರಿ ಅಂದೆ. ಏನ್ ಬರೆದ್ರು ಗೊತ್ತಾ? ಒಬ್ಬಳು ಅವರಜ್ಜಿ ಸಿಟ್ಟಿಗೆ ಹಸಿರು ಬಳಿದಿದ್ಲು. ಯಾಕಮ್ಮ ಅಂದ್ರೆ, ಅಜ್ಜಿ ಬೈದ ಮೇಲೆ ಹಿತ್ತಲಿಗೆ ಹೋಗಿ ಸೊಪ್ಪು ಬಿಡಿಸ್ತಾರೆ ಸಾರ್ ಅಂದ್ಲು.’

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ 1246ರದು. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ, ಮೂರು ಗರ್ಭಗುಡಿಗಳ ತ್ರಿಕೂಟ. ಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳು ಒಂದರ ಮೇಲೊಂದು ಗುಡಿಯನ್ನು ಸುತ್ತುತ್ತವೆ: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಅದರ ಮೇಲಿನ ದೊಡ್ಡ ಮೂರ್ತಿಗಳನ್ನು ಇಬ್ಬರು ಹಂಚಿಕೊಂಡರು. ದಕ್ಷಿಣದ ಗೋಡೆಯವು ನಂದಿಯ ಬೈಚೋಜನವು, ಉತ್ತರದ ಗೋಡೆಯವು ಮಲ್ಲಿತಮ್ಮನವು. ಪೀಠದ ಮೇಲೆ ಹಳೆಯ ಕನ್ನಡ ಅಕ್ಷರಗಳಲ್ಲಿ ಹೆಸರುಗಳು ಈಗಲೂ ಕಾಣುತ್ತವೆ. ಮಲ್ಲಿತಮ್ಮನ ಹೆಸರು ಅಮೃತಾಪುರದಲ್ಲಿದೆ, ಎಷ್ಟೋ ವರ್ಷಗಳ ನಂತರದ ಸೋಮನಾಥಪುರದಲ್ಲೂ ಇದೆ. ಹೆಸರು ಕೆತ್ತಿದ್ದರಿಂದಲೇ ಒಬ್ಬ ಕೆಲಸಗಾರ ಊರಿಂದೂರಿಗೆ ನಡೆದ ದಾರಿ ನಮಗೆ ತಿಳಿಯುತ್ತದೆ. ಮೇಷ್ಟ್ರು ಬಲಕ್ಕೆ ನಿಂತು ಒಂದು ಮೂರ್ತಿಯ ಬೆರಳು ತೋರಿಸಿದರು, ಎಡಕ್ಕೆ ಬಂದು ಇನ್ನೊಂದರ ಬೆರಳು ತೋರಿಸಿದರು. ಕೈ ಬೇರೆ ಎಂಬುದು ಹೆಸರು ಓದದಿದ್ದರೂ ತಿಳಿಯುತ್ತದೆ ಎಂಬುದು ಅವರ ವಾದ. ಹೆಸರು ಓದಿದ ಮೇಲೆ ಆ ಕೈಯ ಮನುಷ್ಯನೂ ತಿಳಿಯುತ್ತಾನೆ ಎಂಬುದು ನನ್ನದು.

ವಾದ ಮುಂದುವರಿದದ್ದು ಚನ್ನರಾಯಪಟ್ಟಣದ ಅವರ ಹಳೆಯ ಶಾಲೆಯ ಕಾಂಪೌಂಡಿನಲ್ಲಿ. ಒಳಗೋಡೆಗೆ ಉದ್ದಕ್ಕೂ ಮಕ್ಕಳಿಂದ ಬರೆಸಿದ ಚಿತ್ರವಿದೆ. ನುಗ್ಗೇಹಳ್ಳಿಯ ಆರು ಪಟ್ಟಿಕೆಗಳ ಲೆಕ್ಕ ಹಾಗೆಯೇ ಇದೆ, ಒಳಗಿರುವುದು ಈ ಊರು. ಆನೆಗಳ ಜಾಗದಲ್ಲಿ ತೆಂಗಿನಕಾಯಿ ಹೇರಿದ ಟ್ರ್ಯಾಕ್ಟರುಗಳ ಸಾಲು. ಕುದುರೆ ಸವಾರರ ಜಾಗದಲ್ಲಿ ಸರ್ಕಾರ ಕೊಟ್ಟ ಸೈಕಲ್ ಏರಿ ಹೊರಟ ಎಂಟನೇ ತರಗತಿಯವರು. ಬಳ್ಳಿಗೆ ಬದಲು ತೆಂಗಿನ ಗರಿ. ಪುರಾಣದ ಪಟ್ಟಿಕೆಯಲ್ಲಿ ಸಂತೆ, ಜಾತ್ರೆ, ರಾಗಿ ಕಣ, ಮಸ್ತಕಾಭಿಷೇಕಕ್ಕೆ ಹೊರಟ ಬಸ್ಸು, ಹೆರಿಗೆ ಆಸ್ಪತ್ರೆ. ಮಕರ ಇರಬೇಕಾದಲ್ಲಿ ಬಾಯಿ ತೆರೆದ ಜೆಸಿಬಿ. ಮೇಲಿನ ಹಂಸಗಳು ಕೆರೆಯ ಬೆಳ್ಳಕ್ಕಿಗಳಾಗಿವೆ. ಆನೆಗಳಲ್ಲಿ ಒಂದು ಇನ್ನೊಂದರಂತಿಲ್ಲದ ಹಾಗೆ ಟ್ರ್ಯಾಕ್ಟರುಗಳಲ್ಲೂ ಒಂದು ಇನ್ನೊಂದರಂತಿಲ್ಲ. ಒಂದರ ಡ್ರೈವರು ನಿದ್ದೆ ಹೋಗಿದ್ದಾನೆ. ಮಳೆಗೆ ಬಣ್ಣ ಅಲ್ಲಲ್ಲಿ ಉದುರಿದೆ. ನಾನು ನೋಡಿದ ಶಾಲಾ ಗೋಡೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

‘ಇದಕ್ಕಾದ್ರೂ ರುಜು ಹಾಕಬಾರದಿತ್ತೆ?’ ಎಂದೆ.

‘ಗೆರೆ ಹಾಕಿಕೊಟ್ಟೋನು ನಾನು. ಬರೆದೋರು ಎರಡು ಸೆಕ್ಷನ್ ಮಕ್ಕಳು. ಯಾರ ಹೆಸರು ಹಾಕಲಿ ಹೇಳಿ?’

ಬೈಚೋಜ, ಮಲ್ಲಿತಮ್ಮ ಇಬ್ಬರೂ ಹಾಕಿದರಲ್ಲ ಎಂದೆ. ನಮ್ಮ ಜೊತೆ ನಿಂತಿದ್ದ ಶಾಲೆಯ ಈಗಿನ ಡ್ರಾಯಿಂಗ್ ಮೇಡಂ, ಹೊಳೆನರಸೀಪುರದಲ್ಲಿ ಮೇಷ್ಟ್ರ ಶಿಷ್ಯೆಯಾಗಿದ್ದವರು, ಅಲ್ಲಿಯವರೆಗೆ ಸುಮ್ಮನಿದ್ದರು. ಬೇಸಿಗೆ ರಜೆಯಲ್ಲಿ ಗೋಡೆಗೆ ಮತ್ತೆ ಬಣ್ಣ ಹಾಕಿಸಬೇಕೆಂದಿದ್ದೇನೆ, ಹಳೆಯ ಹಾಜರಿ ಪುಸ್ತಕ ಆಫೀಸಿನಲ್ಲಿದೆ, ಆ ಎರಡೂ ಸೆಕ್ಷನ್ನಿನವರ ಹೆಸರು ಅದರಲ್ಲಿ ಸಿಗುತ್ತದೆ ಎಂದರು. ‘ಟ್ರ್ಯಾಕ್ಟರ್ ಕೆಳಗೆ ಏಳನೇದೊಂದು ಪಟ್ಟಿ ಬಿಡ್ತೀನಿ ಸಾರ್. ಎಲ್ಲರ ಹೆಸರೂ ಬರೆಸ್ತೀನಿ. ಮೊದಲನೇದು ನಿಮ್ಮದು.’

ಮೇಷ್ಟ್ರು ಗೋಡೆಯ ಬುಡಕ್ಕೆ ಬಗ್ಗಿ ಗೇಣು ಹಾಕಿ ಅಳೆದರು. ‘ಕೆಳಗೆ ಅಷ್ಟೊಂದು ಜಾಗ ಇಲ್ಲಮ್ಮ. ಅಕ್ಷರ ಒಂದೂವರೆ ಇಂಚಿಗಿಂತ ದೊಡ್ಡದು ಬೇಡ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡ್ಬೇಕು, ಅದನ್ನ ಎಲ್ಲರೂ ಮರೀತಾರೆ. ಮೊದಲು ದಾರ ಹೊಡಿ. ಇಂಗ್ಲಿಷ್ ಇನಿಶಿಯಲ್ ಹಾಕಬೇಡ, ಅಪ್ಪನ ಊರಿನ ಅಕ್ಷರ ಕನ್ನಡದಲ್ಲೇ ಬರಲಿ. ನನ್ನ ಹೆಸರು ಮೊದಲು ಬೇಡ. ವರ್ಣಮಾಲೆ ಪ್ರಕಾರ ಎಲ್ಲಿ ಬರುತ್ತೋ ಅಲ್ಲಿ ಹಾಕು.’

ಮೇಡಂ ಡೈರಿಯಲ್ಲಿ ಬರೆದುಕೊಂಡರು.